ಹಾಯಿದೋಣಿಗೆ ನಾವು ಕಡಲು ಆರಿಸಿಕೊಂಡ ಬಗೆ

ಹಾಯಿದೋಣಿ ಓಡಿಸೋಕೆ ಯಾವ ಕರಾವಳಿ ಒಳ್ಳೆಯದು ಅಂತ ಕೇಳಿದರೆ ಹೆಚ್ಚಿನವರು ಬೀಚುಗಳ ಹೆಸರು ಹೇಳುತ್ತಾರೆ. ಓಂ ಬೀಚ್, ಪಾಲೋಲೆಂ, ಮುರ್ಡೇಶ್ವರ. ನೋಡೋಕೆ ಎಲ್ಲವೂ ಚೆಂದವೇ. ಆದರೆ ದೋಣಿಯಲ್ಲಿ ಕೂತವರಿಗೆ ಬೇಕಾಗಿರುವುದು ಬೇರೆ. ಮಧ್ಯಾಹ್ನ ಗಾಳಿ ಜೋರಾದರೆ ಮರೆ ಎಲ್ಲಿ ಸಿಗುತ್ತದೆ? ಅಲ್ಲಿಗೆ ಮುಟ್ಟೋಕೆ ಎಷ್ಟು ಹೊತ್ತು ಬೇಕು? ಮುಟ್ಟಿದ ಮೇಲೆ ಲಂಗರು ಹಿಡಿಯುತ್ತದಾ? ನಾನು ಹುಬ್ಬಳ್ಳಿಯವನು. ಧಾರವಾಡದ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದೇನೆ. ನಾವು ಓಡಾಡುವ ನೀರನ್ನು ಇದೇ ಪ್ರಶ್ನೆಗಳನ್ನು ಕೇಳಿಕೊಂಡು ಆರಿಸಿದೆವು.

ಮೊದಲು ದೋಣಿಯ ವಿಷಯ. ಇಪ್ಪತ್ತೆರಡು ಅಡಿ ಉದ್ದ. ಮೂರು ಜನ ಮಲಗಬಹುದು. ಒಂದು ಸ್ಟವ್ ಇದೆ, ಹಿಂದೆ ಚಿಕ್ಕ ಔಟ್‌ಬೋರ್ಡ್ ಎಂಜಿನ್ ಇದೆ. ನೀರಿನೊಳಗೆ ಒಂದು ಮೀಟರ್ ಇಳಿಯುತ್ತದೆ. ಹದವಾದ ಗಾಳಿಗೆ ಗಂಟೆಗೆ ನಾಲ್ಕು ನಾಟಿಕಲ್ ಮೈಲಿ ಹೋಗುತ್ತದೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಅಂದರೆ ಸೈಕಲ್ ತುಳಿಯೋ ವೇಗಕ್ಕಿಂತಲೂ ಕಡಿಮೆ. ಈ ವೇಗ ತಲೆಯಲ್ಲಿ ಇಟ್ಟುಕೊಂಡೇ ನಕ್ಷೆ ನೋಡಬೇಕು. ಕಾರಿನಲ್ಲಿ ಅರ್ಧ ಗಂಟೆಯ ದಾರಿ ನಮಗೆ ಒಂದು ಇಡೀ ಮಧ್ಯಾಹ್ನ.

ನಕ್ಷೆ ನೋಡೋ ಕೆಲಸ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಸಣ್ಣ ಹಾಯಿದೋಣಿಗೆ ಜಾಗವಿಲ್ಲ. ಯಂತ್ರದ ಮೀನುಗಾರಿಕೆ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಆ ತಿಂಗಳುಗಳಲ್ಲಿ ಡೆಹ್ರಾಡೂನ್‌ನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನ ಸಮುದ್ರ ನಕ್ಷೆಯನ್ನು ನೆಲದ ಮೇಲೆ ಹಾಸಿಕೊಂಡು ಕೂರುತ್ತೇವೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಚಹಾ, ಮಿರ್ಚಿ. ಕಂಪಾಸಿನಲ್ಲಿ ಹನ್ನೆರಡು ಮೈಲಿಯ ಸುತ್ತು ಎಳೆಯುತ್ತೇವೆ. ಮೂರು ತಾಸಿನ ಓಟ ಅದು. ಆ ಸುತ್ತಿನೊಳಗೆ ಕನಿಷ್ಠ ಎರಡು ಮರೆಯ ಜಾಗ ಸಿಗದಿದ್ದರೆ ಆ ನೀರನ್ನು ಬಿಟ್ಟುಬಿಡುತ್ತೇವೆ, ಬೀಚು ಎಷ್ಟೇ ಚೆಂದ ಇರಲಿ.

ಆಮೇಲೆ ಗಾಳಿ. ನವೆಂಬರ್‌ನಿಂದ ಮೇವರೆಗೆ ನಮ್ಮ ಪಶ್ಚಿಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗಿ ಬೆಳಗಿನ ಜಾವ ಗಾಳಿ ಪೂರ್ವದಿಂದ, ಘಟ್ಟದ ಕಡೆಯಿಂದ ಬೀಸುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಅದು ಸತ್ತುಹೋಗುತ್ತದೆ. ಸ್ವಲ್ಪ ಹೊತ್ತು ಹಾಯಿ ಜೋತುಬೀಳುತ್ತದೆ, ನೀರು ಎಣ್ಣೆಯ ಹಾಗೆ ಆಗುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಗಾಳಿ ಶುರು. ಮೊದಲು ಪಶ್ಚಿಮದಿಂದ, ಆಮೇಲೆ ತಿರುಗಿ ವಾಯವ್ಯದಿಂದ. ಡಿಸೆಂಬರ್, ಜನವರಿಯಲ್ಲಿ ಅದು ಮೆತ್ತಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಹಾಯಿಯನ್ನು ಕಿರಿದು ಮಾಡಲೇಬೇಕು.

ನಮ್ಮ ಇಡೀ ಆಯ್ಕೆ ನಿಂತಿರೋದು ಈ ದಿನಚರಿಯ ಮೇಲೆ. ಕರಾವಳಿ ಹೆಚ್ಚು ಕಡಿಮೆ ಉತ್ತರ-ದಕ್ಷಿಣವಾಗಿದೆ. ಬೆಳಗಿನ ಪೂರ್ವದ ಗಾಳಿಯಲ್ಲಿ ಉತ್ತರಕ್ಕೂ ಹೋಗಬಹುದು, ದಕ್ಷಿಣಕ್ಕೂ ಹೋಗಬಹುದು. ಮಧ್ಯಾಹ್ನದ ವಾಯವ್ಯ ಗಾಳಿಯಲ್ಲಿ ದಕ್ಷಿಣಕ್ಕೆ ಬರೋದು ಸಲೀಸು, ಉತ್ತರಕ್ಕೆ ಹೋಗೋದು ಅಂದರೆ ಗಾಳಿಗೆ ಎದುರಾಗಿ ಅಂಕುಡೊಂಕು ಹೊಡೆಯುತ್ತಾ ಏಗಬೇಕು. ಹಾಗಾಗಿ ದೋಣಿ ಕಟ್ಟುವ ಜಾಗ ನಾವು ಓಡಾಡುವ ನೀರಿನ ದಕ್ಷಿಣದ ತುದಿಯಲ್ಲಿರಬೇಕು. ಬೆಳಿಗ್ಗೆ ಉತ್ತರಕ್ಕೆ ಹೋಗಬೇಕು, ಗಾಳಿ ಜೋರಾದ ಹೊತ್ತಿಗೆ ಅದೇ ಗಾಳಿ ಬೆನ್ನಿಗಿದ್ದು ನಮ್ಮನ್ನು ಮನೆಗೆ ತರಬೇಕು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ಈ ಲೆಕ್ಕದಲ್ಲಿ ಕಾರವಾರ ನಮಗೆ ಹೇಳಿ ಮಾಡಿಸಿದ ಜಾಗ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಉತ್ತರಕ್ಕೆ ಕಾರವಾರ. ಒಟ್ಟು ನೂರರವತ್ತು ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿ-ಅಂಕೋಲಾ ರೈಲು ಬಂದಿದ್ದರೆ ಎಷ್ಟು ಸುಖವಾಗುತ್ತಿತ್ತು ಅಂತ ಘಟ್ಟದ ಪ್ರತಿ ತಿರುವಿನಲ್ಲೂ ಅನಿಸುತ್ತದೆ. ಕಾರವಾರದ ಕೊಲ್ಲಿಗೆ ದಕ್ಷಿಣದಲ್ಲಿ ಗುಡ್ಡದ ಮೂಗು ಚಾಚಿಕೊಂಡಿದೆ. ಅದರ ಮಗ್ಗುಲಲ್ಲಿ ಬೈತಖೋಲ ಬಂದರು. ಎದುರಿಗೆ ಕಡಲಲ್ಲಿ ದೇವಗಡ, ಕೂರ್ಮಗಡ ನಡುಗಡ್ಡೆಗಳು. ದೂರದಿಂದ ಬರುವ ಅಲೆಯನ್ನು ಅವು ತಕ್ಕಮಟ್ಟಿಗೆ ಮುರಿಯುತ್ತವೆ. ದೇವಗಡದ ಮೇಲಿನ ಲೈಟ್‌ಹೌಸ್ 1864ರದ್ದು. ಹಿಂದಿರುಗುವಾಗ ನಮ್ಮ ಕಣ್ಣು ಮೊದಲು ಹುಡುಕೋದು ಅದನ್ನೇ. ಕೂರ್ಮಗಡದ ಆಗ್ನೇಯ ಮಗ್ಗುಲಲ್ಲಿ ವಾಯವ್ಯ ಗಾಳಿಗೆ ಒಳ್ಳೆ ಮರೆ ಇದೆ. ಊಟದ ಹೊತ್ತಿಗೆ ಅಲ್ಲಿ ನಿಲ್ಲಿಸುತ್ತೇವೆ. ಪುಷ್ಯ ಹುಣ್ಣಿಮೆಗೆ ನರಸಿಂಹನ ಜಾತ್ರೆ ಇರುತ್ತದೆ. ಆವತ್ತು ಮಾತ್ರ ಆ ನೀರು ಮೀನುಗಾರರ ದೋಣಿಗಳದ್ದು, ನಾವು ದೂರ ಇರುತ್ತೇವೆ.

ಉತ್ತರಕ್ಕೆ ಮಾಜಾಳಿ ದಾಟಿದರೆ ಗೋವಾ. ಪೋಳೆಂ, ಗಾಲ್ಗಿಬಾಗ, ಆಮೇಲೆ ಪಾಲೋಲೆಂ. ಕಾರವಾರದಿಂದ ಪಾಲೋಲೆಂಗೆ ಹನ್ನೆರಡು ಹದಿಮೂರು ನಾಟಿಕಲ್ ಮೈಲಿ, ನಮ್ಮ ಸುತ್ತಿಗೆ ಸರಿಯಾಗಿ ಕೂರುತ್ತದೆ. ಪಾಲೋಲೆಂನ ಉತ್ತರ ತುದಿಯಲ್ಲಿ ಒಂದು ಸಣ್ಣ ನಡುಗಡ್ಡೆ ಇದೆ. ಅದರ ಮರೆಯಲ್ಲಿ ರಾತ್ರಿ ತಂಗಬಹುದು. ಬೀಚಿನ ನಡುವೆ ನಿಂತರೆ ರಾತ್ರಿಯಿಡೀ ಹೊಯ್ದಾಟ, ಉತ್ತರದ ಮೂಲೆಗೆ ಹೋದರೆ ನಿದ್ದೆ. ಗಾಲ್ಗಿಬಾಗದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಚಳಿಗಾಲದಲ್ಲಿ ಅಲ್ಲಿ ದಡಕ್ಕೆ ಹತ್ತಿರ ಹೋಗುವುದಿಲ್ಲ, ರಾತ್ರಿ ದೀಪವನ್ನೂ ದಡದ ಕಡೆ ಬಿಡುವುದಿಲ್ಲ.

ದೋಣಿ ಕಲಿಯೋಕೆ ಮಾತ್ರ ಗೋವಾದ ಮಾಂಡೋವಿ ಚೆನ್ನಾಗಿದೆ. ನಾವೂ ಅಲ್ಲೇ ಕಲಿತೆವು. 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ‘ಮ್ಹಾದೆಯಿ’ ದೋಣಿ ಗೋವಾದಲ್ಲೇ ಕಟ್ಟಿದ್ದು. ಕಳಸಾ-ಬಂಡೂರಿಗಾಗಿ ಬೀದಿಗಿಳಿದ ಊರಿನವರು ನಾವು, ಗೋವಾದಲ್ಲಿ ಮಾಂಡೋವಿ ಆಗುವ ನಮ್ಮ ಮಹದಾಯಿಯ ಹೆಸರು ಆ ದೋಣಿಯ ಮೇಲಿದೆ ಅಂತ ಗೊತ್ತಾದಾಗ ಎದೆ ತುಂಬಿ ಬಂದಿತ್ತು. ಆದರೆ ಮಾಂಡೋವಿಯಲ್ಲಿ ಬಾರ್ಜುಗಳು, ಪ್ರವಾಸಿ ಬೋಟುಗಳು ಜಾಸ್ತಿ. ಶನಿವಾರ-ಭಾನುವಾರ ಸಮಾಧಾನವಾಗಿ ಓಡಾಡೋಕೆ ಕಾರವಾರವೇ ಸರಿ.

ಕಾಳಿ ನದಿಯ ಒಳಗೆ ಹೋಗೋ ಆಸೆ ಎಲ್ಲರಿಗೂ ಹುಟ್ಟುತ್ತದೆ. ಸದಾಶಿವಗಡದ ಗುಡ್ಡ, ಅಗಲವಾದ ನೀರು. ಆದರೆ ಕೂವೆಮರ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, ಇರುವ ದೋಣಿಗೆ ಸೇತುವೆಯ ಎತ್ತರ ಮೊದಲ ಪ್ರಶ್ನೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಹಳೆ ಸೇತುವೆ ಕುಸಿದು ನದಿಗೆ ಬಿತ್ತು. ಹಳೆ ನಕ್ಷೆಯಲ್ಲಿ ಅದೆಲ್ಲ ಇರೋದಿಲ್ಲ. ಹಾಗಾಗಿ ಸೇತುವೆಯಿಂದ ಒಳಗೆ ನಮ್ಮ ನೀರಲ್ಲ ಅಂತ ತೀರ್ಮಾನಿಸಿದ್ದೇವೆ.

ಕಾರವಾರದಿಂದ ದಕ್ಷಿಣಕ್ಕೆ ಹೋಗೋದಾದರೆ ಎರಡು ದಿನ ಬೇಕು. ಮಧ್ಯಾಹ್ನದ ಗಾಳಿಯಲ್ಲಿ ಇಳಿದು, ರಾತ್ರಿ ತಂಗಿ, ಮರುದಿನ ಬೆಳಗಿನ ಪೂರ್ವದ ಗಾಳಿಯಲ್ಲಿ ವಾಪಸ್. ಇಲ್ಲಿ ನೌಕಾಪಡೆಯ ವಿಷಯ ಬರುತ್ತದೆ. ಸೀಬರ್ಡ್ ಯೋಜನೆಯ ಐಎನ್‌ಎಸ್ ಕದಂಬ ನೆಲೆ 2005ರಿಂದ ಇದೆ. ಬಿಣಗಾ, ಅರ್ಗಾ ದಡ ಮತ್ತು ಅಂಜುದೀವ ನಡುಗಡ್ಡೆ ಅದರ ಸುಪರ್ದಿಯಲ್ಲಿವೆ. ನಾವು ಅಂಜುದೀವದ ಹೊರಗಿನಿಂದ, ತುಂಬಾ ದೂರ ಇಟ್ಟುಕೊಂಡು ಹೋಗುತ್ತೇವೆ. ಹೊರಡುವ ಮುಂಚೆ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಹೇಳಿ ಹೋಗುತ್ತೇವೆ. ದೋಣಿಯ ಹೆಸರು, ಜನ ಎಷ್ಟು, ಎಲ್ಲಿಗೆ, ಯಾವಾಗ ವಾಪಸ್. ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ತೆರೆದೇ ಇರುತ್ತದೆ. ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಮೂವರ ಫೋನಿನಲ್ಲೂ ಇದೆ.

ಹಾಗೆ ಸುತ್ತಿ ಹೋದರೆ ಬೇಲೆಕೇರಿ. ಕೊಲ್ಲಿಯ ಬಾಯಿ ನೈಋತ್ಯಕ್ಕಿದೆ, ಹಾಗಾಗಿ ವಾಯವ್ಯ ಗಾಳಿ ಒಳಗೆ ನುಗ್ಗುವುದಿಲ್ಲ. ಅಲ್ಲಿಂದ ಇನ್ನೊಂದು ಹನ್ನೆರಡು ಮೈಲಿಗೆ ಗೋಕರ್ಣದ ಓಂ ಬೀಚ್. ಕುಡ್ಲೆ ಬೀಚ್ ನೇರ ಪಶ್ಚಿಮಕ್ಕೆ ತೆರೆದಿದೆ, ಅಲ್ಲಿ ನಿಲ್ಲಿಸುವ ಹಾಗಿಲ್ಲ. ಓಂ ಬೀಚಿಗೆ ಗುಡ್ಡದ ಮರೆ ಸಿಗುತ್ತದೆ. ಪಾಲೋಲೆಂ, ಕಾರವಾರ, ಬೇಲೆಕೇರಿ, ಓಂ ಬೀಚ್. ಒಂದೊಂದರ ನಡುವೆಯೂ ಹನ್ನೆರಡು ಹದಿಮೂರು ಮೈಲಿ, ಒಂದೊಂದು ಮಧ್ಯಾಹ್ನದ ಓಟ. ಈ ಸರಪಳಿ ನಕ್ಷೆಯ ಮೇಲೆ ಕಂಡ ದಿನವೇ ನಮ್ಮ ನೀರು ಯಾವುದು ಅಂತ ಗೊತ್ತಾಯಿತು.

ಬೇಲೆಕೇರಿಗೂ ಓಂ ಬೀಚಿಗೂ ನಡುವೆ ಗಂಗಾವಳಿಯ ಅಳಿವೆ ಇದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿ ಸೇರಿ, ಗಂಗಾವಳಿಯಾಗಿ ಕಡಲಿಗೆ ಬೀಳೋದು ಇಲ್ಲೇ. ಗೆಳೆಯರಿಗೆ ಅಲ್ಲಿ ಒಳಗೆ ಹೋಗಬೇಕು ಅಂತ ಬಹಳ ಇತ್ತು. ಮಂಜುಗುಣಿಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರನ್ನು ಕೇಳಿದೆವು. ಅವರು ಕೈಯಲ್ಲಿನ ಸೂಜಿಯಿಂದಲೇ ತೋರಿಸಿದರು. “ಅಲ್ಲಿ ಬಿಳಿ ನೊರೆ ಕಾಣ್ತದಲ್ಲ, ಅದು ಮರಳು. ಹೋದ ವರ್ಷ ದಾರಿ ಅಲ್ಲೇ ಇತ್ತು. ಈ ಮಳೆಗಾಲದಲ್ಲಿ ಇತ್ಲಾಗೆ ಬಂತು. ನೀವು ನಿಮ್ಮ ನಕ್ಷೆ ನೋಡಿ ಬಂದ್ರೆ ಕೂತ್ಕಂತೀರಿ.” ನಮ್ಮ ಕರಾವಳಿಯ ಎಲ್ಲ ಅಳಿವೆಗಳದ್ದೂ ಇದೇ ಕಥೆ. ಪ್ರತಿ ಮಳೆಗಾಲದ ನೆರೆ ಮರಳನ್ನು ಸರಿಸುತ್ತದೆ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲ ಅಲೆ ಬಂದರೆ ಅಳಿವೆಯ ಬಾಯಲ್ಲಿ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಒಳಗೆ ಹೋಗಲೇಬೇಕಾದರೆ ಉಬ್ಬರ ಮುಗಿಯುವ ಹೊತ್ತಿಗೆ, ಮೀನುಗಾರರ ದೋಣಿಯ ಹಿಂದೆ ಹೋಗಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ಉಬ್ಬರ-ಇಳಿತದ ಅಂತರ ಎರಡು ಮೀಟರ್ ಆಸುಪಾಸು. ಒಂದು ಮೀಟರ್ ಇಳಿಯುವ ದೋಣಿಗೆ ಅದು ದೊಡ್ಡ ಅಂತರವೇ.

ಇದೇ ಕಾರಣಕ್ಕೆ ಹೊನ್ನಾವರವನ್ನು ಕೈಬಿಟ್ಟೆವು. ಶರಾವತಿಯ ಒಳನೀರು, ಬಸವರಾಜ ದುರ್ಗದ ಕೋಟೆ, ಎಲ್ಲ ಸೊಗಸು. ಆದರೆ ಮರೆ ಬೇಕಾದಾಗ ಆ ಅಳಿವೆ ದಾಟಲೇಬೇಕು, ಬೇರೆ ದಾರಿಯಿಲ್ಲ. ನೇತ್ರಾಣಿ ನಡುಗಡ್ಡೆ ಹವಳ ನೋಡೋಕೆ ಸರಿ, ದೋಣಿ ನಿಲ್ಲಿಸೋಕಲ್ಲ. ನೌಕಾಪಡೆ ಅಲ್ಲಿ ಗುರಿ ಅಭ್ಯಾಸವನ್ನೂ ಮಾಡುತ್ತದೆ. ಹವಳದ ಮೇಲೆ ಲಂಗರು ಎಸೆಯೋದು ನನ್ನ ಮಟ್ಟಿಗೆ ಪಾಪದ ಕೆಲಸ. ಮಲ್ಪೆ ಹುಬ್ಬಳ್ಳಿಯಿಂದ ಬಹಳ ದೂರ.

ಲಂಗರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿದ್ದೆ ಅದರ ಮೇಲೇ ನಿಂತಿದೆ. ನಮ್ಮ ಹತ್ತಿರ ಆಳ ತೋರಿಸುವ ಯಂತ್ರ ಇದೆ. ಆದರೂ ಹೊಸ ಜಾಗಕ್ಕೆ ಹೋದಾಗ ಸೀಸದ ಗುಂಡು ಕಟ್ಟಿದ ಹಗ್ಗ ಬಿಡುತ್ತೇವೆ. ಗುಂಡಿನ ತಳದಲ್ಲಿ ಒಂದು ಕುಳಿ ಇದೆ. ಅದರಲ್ಲಿ ಬಟ್ಟೆ ಸೋಪನ್ನು ಒತ್ತಿ ತುಂಬುತ್ತೇವೆ. ತಳಕ್ಕೆ ತಾಗಿಸಿ ಮೇಲೆ ಎಳೆದರೆ ಸೋಪಿಗೆ ಏನೋ ಅಂಟಿರುತ್ತದೆ. ಕಪ್ಪು ಕೆಸರು ಬಂದರೆ ಖುಷಿ, ಲಂಗರು ಹೂತು ಕೂರುತ್ತದೆ. ಮರಳು ಬಂದರೂ ನಡೆಯುತ್ತದೆ. ಏನೂ ಅಂಟದೆ ಸೋಪಿನ ಮೇಲೆ ಬರೀ ಗೀರು ಬಿದ್ದಿದ್ದರೆ ಕೆಳಗೆ ಬಂಡೆ. ಅಲ್ಲಿಂದ ಹೊರಟುಬಿಡಬೇಕು. ಓಂ ಬೀಚಿನ ಬಂಡೆಗಳ ಸುತ್ತ ಹೀಗೆ ಜಾಗ ಬದಲಿಸುತ್ತಾ ಹುಡುಕಬೇಕಾಗುತ್ತದೆ. ಸಿಕ್ಕ ಮೇಲೆ ಆಳದ ಐದು ಪಟ್ಟು ಹಗ್ಗ ಮತ್ತು ಸರಪಳಿ, ಗಾಳಿ ಇದ್ದರೆ ಏಳು ಪಟ್ಟು. ಆಮೇಲೆ ದಡದಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಗುರುತು ಹಿಡಿಯುತ್ತೇವೆ, ಒಂದು ತೆಂಗಿನ ಮರ, ಅದರ ಹಿಂದೆ ಒಂದು ಮನೆಯ ಮೂಲೆ. ದೋಣಿ ಗಾಳಿಗೆ ಸುಮ್ನೆ ಅತ್ತಿತ್ತ ತೂಗಿದರೆ ಅವು ಬೇರೆಯಾಗಿ ಮತ್ತೆ ಒಂದಾಗುತ್ತವೆ. ಬೇರೆಯಾದವು ಒಂದಾಗದೇ ಹೋದರೆ ಲಂಗರು ಜಾರುತ್ತಿದೆ ಅಂತಲೇ ಅರ್ಥ.

ಕಾಲದ ವಿಷಯದಲ್ಲಿ ನನ್ನ ಮಾತು ಇಷ್ಟು. ಡಿಸೆಂಬರ್‌ನಿಂದ ಫೆಬ್ರವರಿ ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಮಾರ್ಚ್ ಗಾಳಿಪ್ರಿಯರಿಗೆ. ಅಕ್ಟೋಬರ್ ಮತ್ತು ಮೇ ತಿಂಗಳನ್ನು ನಾನು ನಂಬುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್, 2021ರ ಮೇನಲ್ಲಿ ತೌಕ್ತೆ, ಎರಡೂ ಇದೇ ಅರಬ್ಬೀ ಸಮುದ್ರದಲ್ಲಿ ಎದ್ದ ಚಂಡಮಾರುತಗಳು. ಚಂಡಮಾರುತದ ಎಚ್ಚರಿಕೆ ಮೊದಲೇ ಬರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ, ಗಾಳಿಯ ಮುನ್ಸೂಚನೆ ಕೊಡುತ್ತದೆ, ಅದನ್ನು ನೋಡದೆ ನಾವು ಹೊರಡೋದೇ ಇಲ್ಲ. ಆದರೆ ಗುಡುಗುಮಳೆ ಹಾಗಲ್ಲ. ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟಿ, ಸಂಜೆ ಕಡಲ ಕಡೆ ಇಳಿಯುತ್ತದೆ. ವಾಯವ್ಯದ ಮರೆಯಲ್ಲಿ ಹಾಯಾಗಿ ನಿಂತ ದೋಣಿಗೆ ಪೂರ್ವದಿಂದ ಒಮ್ಮೆಲೇ ಬಿರುಗಾಳಿ ಬಡಿಯುತ್ತದೆ. ಇದಕ್ಕೆ ನಮಗೆ ಊರಿನ ಸಹಾಯವೇ ಇದೆ. ಕಲಘಟಗಿಯಲ್ಲಿರುವ ನಮ್ಮ ಮಾವನವರು ಏಪ್ರಿಲ್ ಮಧ್ಯಾಹ್ನ ತಪ್ಪದೆ ಫೋನ್ ಮಾಡುತ್ತಾರೆ. “ಅಳ್ಯಾರ, ಇಲ್ಲೆ ಗುಡುಗಾಕತ್ತೈತ್ರಿ, ನೀವು ಎಲ್ಲಿದ್ದೀರಿ?” ಆ ಫೋನ್ ಬಂದರೆ ಸಾಕು, ನಾವು ಬೈತಖೋಲದ ಕಡೆ ತಿರುಗಿಸುತ್ತೇವೆ.

ರಾತ್ರಿ ಓಡಾಟ ನಮ್ಮಲ್ಲಿ ಇಲ್ಲವೇ ಇಲ್ಲ. ಕಾರಣ ಬಲೆಗಳು. ಥರ್ಮಾಕೋಲ್ ತೇಲುಗಳು, ಬಿದಿರು ಕೋಲಿಗೆ ಕಟ್ಟಿದ ಕಪ್ಪು ಬಾವುಟ, ಹಗಲಿನಲ್ಲೇ ಅಲೆಗಳ ನಡುವೆ ಕಾಣೋದು ಕಷ್ಟ. ಬೇಲೆಕೇರಿ, ತದಡಿಯ ಸುತ್ತ ಇವು ಜಾಸ್ತಿ. ಒಂದು ಬಲೆ ಹರಿದರೆ ಅದು ಒಂದು ಮನೆಯ ದುಡಿಮೆ. ಹಾಗಾಗಿ ಸೂರ್ಯ ಮುಳುಗುವ ಒಂದು ತಾಸು ಮುಂಚೆ ಲಂಗರು ಬಿದ್ದಿರಬೇಕು ಅಂತ ನಮ್ಮ ನಿಯಮ.

ಹಾವೇರಿ, ರಾಣೆಬೆನ್ನೂರು ಕಡೆಯವರು ಕೇಳಿದರೆ ನಾನು ಕಾರವಾರ ಹೇಳುವುದಿಲ್ಲ. ಅವರಿಗೆ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ ಹತ್ತಿರ. ಅಲ್ಲಿ ಅಘನಾಶಿನಿಯ ಅಳಿವೆಯೊಳಗಿನ ತದಡಿಯಲ್ಲಿ ದೋಣಿ ಇಟ್ಟುಕೊಂಡು, ಬೆಳಿಗ್ಗೆ ಉತ್ತರಕ್ಕೆ ಓಂ ಬೀಚ್, ಬೇಲೆಕೇರಿ ನೋಡಿಕೊಂಡು ಬರಬಹುದು. ಲೆಕ್ಕ ಅದೇ, ನಿಲ್ದಾಣ ದಕ್ಷಿಣದಲ್ಲಿ, ನೀರು ಉತ್ತರದಲ್ಲಿ. ಅಳಿವೆಯ ದಾರಿ ಮಾತ್ರ ಪ್ರತಿ ಅಕ್ಟೋಬರ್‌ನಲ್ಲಿ ಅಲ್ಲಿನ ಮೀನುಗಾರರನ್ನು ಕೇಳಿ ಹೊಸದಾಗಿ ಗುರುತು ಹಾಕಿಕೊಳ್ಳಬೇಕು. ಈ ಸಲ ಡಿಸೆಂಬರ್‌ನಲ್ಲಿ ನಾವೂ ಕಾರವಾರದಿಂದ ತದಡಿಯವರೆಗೆ ಇಳಿಯೋ ಯೋಚನೆಯಲ್ಲಿದ್ದೇವೆ.