ಕಾಫಿ ಹೂವಿನ ಹಿಂದೆ ಒಂದು ದಿನ: ಸಕಲೇಶಪುರ, ಮೂಡಿಗೆರೆ, ಬೇಲೂರು

ಹೋದ ವರ್ಷ ಯುಗಾದಿ ರಜೆಗೆ ಕಾಫಿ ಹೂವು ನೋಡೋಣ ಅಂತ ಹೋಗಿ, ಗಿಡದ ತುಂಬ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಹೂವು ನೋಡಿಕೊಂಡು ಬಂದಿದ್ದೆವು. ನಾಲ್ಕೇ ನಾಲ್ಕು ದಿನ ತಡವಾಗಿತ್ತು. ನಮಗೆ ರಜೆ ಸಿಕ್ಕ ದಿನ ಹೊರಟರೆ ಹೀಗೇ ಆಗುತ್ತದೆ, ಕಾಫಿ ಗಿಡಕ್ಕೆ ನಮ್ಮ ರಜೆಯ ಲೆಕ್ಕ ಎಲ್ಲಿ ಗೊತ್ತು.

ಅದರ ಲೆಕ್ಕ ಮಳೆಯದ್ದು. ಮೊಗ್ಗು ಕಟ್ಟಿಕೊಂಡು ಗಿಡ ಸುಮ್ನೆ ಕೂತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚಿನಷ್ಟು ಮಳೆ ಬಿದ್ದರೆ ಅಲ್ಲಿಂದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಕಾಫಿಯ ಎರಡು ಜಾತಿಯಲ್ಲಿ ರೊಬಸ್ಟಾ ಸ್ವಲ್ಪ ಬೇಗ, ಅರೇಬಿಕಾ ಒಂದೆರಡು ದಿನ ನಿಧಾನ. ಹೂವು ಬೆಳ್ಳಗೆ ನಿಲ್ಲುವುದು ಎರಡು ಮೂರು ದಿನ ಮಾತ್ರ. ಸ್ಪ್ರಿಂಕ್ಲರ್ ಇರುವವರು ಮಳೆಗೆ ಕಾಯದೆ ನೀರು ಹಾರಿಸಿ ಹೂವು ಬಿಡಿಸಿಕೊಳ್ಳುತ್ತಾರೆ, ಹಾಗಾಗಿ ರಸ್ತೆಯ ಈ ಕಡೆ ತೋಟ ಬೆಳ್ಳಗಿದ್ದು ಆ ಕಡೆಯದು ಬರೀ ಹಸಿರಾಗಿರುವುದೂ ಉಂಟು.

ಈ ಸಲ ಜಾಗ್ರತೆ ಮಾಡಿದೆ. ಮೂಡಿಗೆರೆ ಹತ್ತಿರ ನನ್ನ ಜೊತೆ ಓದಿದ ಗೆಳೆಯನ ತೋಟ ಇದೆ, ನಾಲ್ಕೆಕರೆ, ಹೆಚ್ಚಿನದು ರೊಬಸ್ಟಾ. ಮಾರ್ಚ್ ಶುರುವಾದ ಮೇಲೆ ಎರಡು ದಿನಕ್ಕೊಮ್ಮೆ ಅವನಿಗೆ ಫೋನು. ಒಂದು ರಾತ್ರಿ ಅವನೇ ಮಾಡಿದ. "ಒಂದು ಇಂಚು ಹತ್ತು ಸೆಂಟ್ಸ್ ಬಿತ್ತು ಮಾರಾಯ." ತೋಟದವರು ಮಳೆಯನ್ನು ಇಂಚು, ಸೆಂಟ್ಸಲ್ಲೇ ಅಳೆಯುವುದು, ನೂರು ಸೆಂಟ್ಸ್ ಅಂದರೆ ಒಂದು ಇಂಚು. ನಾನು ಬೆರಳು ಮಡಚಿ ಎಣಿಸಿದೆ. ಎಂಟನೇ ದಿನ ಬುಧವಾರ ಬರುತ್ತಿತ್ತು. ಭಾನುವಾರಕ್ಕೆ ಕಾಯೋಣ ಅಂದರು ಅತ್ತಿಗೆ. ಆಗಲ್ಲ ಅಂತ ಹೇಳಿ ಆಫೀಸಿಗೆ ರಜೆ ಹಾಕಿದೆ, ಹುಡುಗನ ಶಾಲೆಗೂ ಚಕ್ಕರ್ ಹಾಕಿಸಿದೆ.

ಹೊರಟಿದ್ದು ಹಾಸನದ ಮನೆಯಿಂದ, ಬೆಳಿಗ್ಗೆ ಆರಕ್ಕೆ. ಕಾರಿನಲ್ಲಿ ನಾನು, ಅಮ್ಮ, ಅತ್ತಿಗೆ, ಅಣ್ಣನ ಒಂಬತ್ತು ವರ್ಷದ ಮಗ. ಅವನಿಗೆ ತಿರುವಿನ ರಸ್ತೆಯಲ್ಲಿ ವಾಂತಿ ಬರುತ್ತದೆ, ಅದಕ್ಕೇ ಹಾಲು ಕುಡಿಸದೆ ಒಂದು ಒಣ ಚಪಾತಿ ತಿನ್ನಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅಮ್ಮ ಕೈಯಲ್ಲಿ ನಿಂಬೆಹಣ್ಣು ಹಿಡಿದು ಹಿಂದೆ ಕೂತರು. ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರ್. ಹೆದ್ದಾರಿಯಲ್ಲಿ ಅಲ್ಲಲ್ಲಿ ಅಗಲ ಮಾಡುವ ಕೆಲಸ ನಡೆದಿತ್ತು, ಧೂಳಿಗೆ ಕಿಟಕಿ ಏರಿಸಿಕೊಂಡೇ ಹೋದೆವು, ಆ ಭಾಗದ ಬಗ್ಗೆ ಹೇಳಲಿಕ್ಕೆ ಬೇರೇನೂ ಇಲ್ಲ.

ಸಕಲೇಶಪುರ ದಾಟಿ ಮಂಗಳೂರು ಕಡೆಗೆ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್, ಅಲ್ಲೇ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಫೋಟೋಗಳಲ್ಲಿ ಕಾಣುವ ಆ ನಕ್ಷತ್ರ ಮೇಲಿಂದ ತೆಗೆದದ್ದು, ಒಳಗೆ ನಿಂತರೆ ಕಾಣುವುದು ಗೋಡೆ, ಗೋಡೆ ತಿರುಗಿದ ಕಡೆ ಮತ್ತೊಂದು ಗೋಡೆ. ನಮ್ಮ ಹುಡುಗ "ಸ್ಟಾರ್ ಎಲ್ಲಿದೆ?" ಅಂತ ಕೇಳುತ್ತಲೇ ಇದ್ದ, ಕೊನೆಗೆ ಗೋಡೆಯ ಪಕ್ಕದಲ್ಲೇ ಒಂದು ಸುತ್ತು ನಡೆಸಿ ಮೂಲೆ ಎಣಿಸಿಸಿದೆ. ಏಳು ಬಂತು. ಎಲ್ಲೋ ಒಂದು ಬಿಟ್ಟಿದ್ದ. ಮಧ್ಯದಲ್ಲಿ ಮೆಟ್ಟಿಲಿಳಿಯುವ ಕೊಳ, ಪಕ್ಕದಲ್ಲಿ ನೆಲದೊಳಗಿನ ಕೋಣೆಗಳು. ಮದ್ದುಗುಂಡು ಇಡುತ್ತಿದ್ದರಂತೆ, ಒಳಗೆ ಒಳ್ಳೆ ತಂಪು. ಹತ್ತಲು ಇನ್ನೂರೈವತ್ತರಷ್ಟು ಮೆಟ್ಟಿಲು. ಅಮ್ಮ ಮೂವತ್ತು ಹತ್ತಿ, "ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ" ಅಂದರು. ಮಂಡಿ ನೋವಿರುವವರನ್ನು ಒತ್ತಾಯ ಮಾಡಬೇಡಿ. ಎಂಟು ಗಂಟೆಗೆಲ್ಲ ಇಳಿದುಬಿಟ್ಟಿದ್ದರಿಂದ ಬಿಸಿಲು ತಾಗಲಿಲ್ಲ.

ಹಿಂದಕ್ಕೆ ಸಕಲೇಶಪುರಕ್ಕೆ ಬಂದು ಅಕ್ಕಿ ರೊಟ್ಟಿ ತಿಂದು, ಹಾನಬಾಳು ಮೇಲೆ ಮೂಡಿಗೆರೆ ದಾರಿ ಹಿಡಿದೆವು. ನಿಜವಾದ ದಾರಿ ಅಂದರೆ ಇದು. ಎರಡೂ ಕಡೆ ತೋಟ, ನೆರಳಿಗೆ ಬಿಟ್ಟ ಸಿಲ್ವರ್ ಓಕ್, ಅತ್ತಿ, ಹಲಸು, ನಡುನಡುವೆ ಎಲೆಯೇ ಇಲ್ಲದೆ ಕೆಂಪು ಹೂವು ಹೊತ್ತು ನಿಂತ ಹಾಲುವಾಣ. ಕೆಲವು ಮನೆಗಳ ಮುಂದಿನ ಕಣದಲ್ಲಿ ಕಾಳುಮೆಣಸು ಒಣಗಿಸಿದ್ದರು. ಎ.ಸಿ. ಆಫ್ ಮಾಡಿ ಕಿಟಕಿ ಇಳಿಸಿ ಅಂದರು ಅತ್ತಿಗೆ. ಒಂದು ತಿರುವು ದಾಟಿದ ಮೇಲೆ ಮೊದಲು ಬಂದದ್ದು ವಾಸನೆ, ಹೆಚ್ಚು ಕಡಿಮೆ ಮಲ್ಲಿಗೆಯದ್ದೇ, ಸ್ವಲ್ಪ ಜೇನು ಬೆರೆತ ಹಾಗೆ. ಆಮೇಲೆ ಕಂಡಿತು. ಗಿಡದ ಒಂದೊಂದು ಕೊಂಬೆಗೂ ಗಂಟುಗಂಟಿಗೆ ಬಿಳಿ ಹೂವು ಮೆತ್ತಿಕೊಂಡಿದೆ, ಇಳಿಜಾರಿನುದ್ದಕ್ಕೂ. ಕಾರು ನಿಲ್ಲಿಸಿದೆ, ಯಾರೂ ಇಳಿಯಲಿಲ್ಲ, ಸುಮ್ನೆ ಕೂತಿದ್ದೆವು.

ದಾರಿ ಬದಿಯಲ್ಲಿ ಕಂಡ ತೋಟಕ್ಕೆಲ್ಲ ನುಗ್ಗಬೇಡಿ. ಅದು ಇನ್ನೊಬ್ಬರ ಹೊಟ್ಟೆಪಾಡು. ನಮ್ಮ ಮುಂದೆಯೇ ಒಂದು ಬೆಂಗಳೂರು ಗಾಡಿಯವರು ಬೇಲಿ ಸರಿಸಿ ಒಳಹೋಗಿ, ಗಿಡ ಬಗ್ಗಿಸಿ ಫೋಟೋ ತೆಗೆಯುತ್ತಿದ್ದರು. ನೋಡಿ ಮೈಯೆಲ್ಲ ಉರಿಯಿತು.

ಗೆಳೆಯನ ತೋಟಕ್ಕೆ ಹನ್ನೊಂದಕ್ಕೆ ತಲುಪಿದಾಗ ಅವನು ಕಾಫಿ ಕೊಡುವ ಮೊದಲೇ ತೋಟ ತೋರಿಸಲು ಹೊರಟ. ಒಳಗೆ ಹೋದಂತೆ ಜೇನುನೊಣದ ಗುಂಯ್‌ ಸದ್ದು ಜಾಸ್ತಿಯಾಯಿತು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ತನ್ನದರಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಜೇನು ಇಲ್ಲದಿದ್ದರೆ ಈ ಬಿಳುಪೆಲ್ಲ ದಂಡ, ಅದಕ್ಕೇ ಹೂವಿನ ಸಮಯದಲ್ಲಿ ಔಷಧಿ ಹೊಡೆಯುವುದಿಲ್ಲ ಅಂದ. ಅಮ್ಮ ಮುಡಿಗೆ ಅಂತ ಒಂದು ಕೊಂಬೆಗೆ ಕೈ ಹಾಕಿದರು. "ಅಮ್ಮ, ಅದು ಒಂದೊಂದೂ ಒಂದೊಂದು ಕಾಯಿ" ಅಂದ ನಗುತ್ತಲೇ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು, ನೆಲಕ್ಕೆ ಬಿದ್ದಿದ್ದ ನಾಲ್ಕು ಹೂವು ಹೆಕ್ಕಿ ಸೆರಗಿಗೆ ಕಟ್ಟಿಕೊಂಡರು.

ಮಾತಿನ ಮಧ್ಯೆ ಅವನು ಮತ್ತೆ ಮತ್ತೆ ಆಕಾಶ ನೋಡುತ್ತಿದ್ದ. ಹೂವು ಬಿಡಿಸಲು ಮಳೆ ಬೇಕು, ಆದರೆ ಅರಳಿದ ದಿನ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಇನ್ನು ಎರಡು ಮೂರು ವಾರ ಬಿಟ್ಟು ಕಾಯಿ ನಿಲ್ಲಲು ಮತ್ತೊಂದು ಮಳೆ ಬೇಕು. ಕೇಳುತ್ತಾ ಕೇಳುತ್ತಾ ನನ್ನ ಫೋಟೋ ತೆಗೆಯುವ ಉತ್ಸಾಹ ಅರ್ಧ ಇಳಿಯಿತು.

ಊಟ ಮುಗಿಸಿ ಹೊರಟಾಗ ಮೂರೂವರೆ. ಮೂಡಿಗೆರೆ ಹತ್ತಿರದ ದೇವರಮನೆ ಬೆಟ್ಟಕ್ಕೂ ಹೋಗೋಣ ಅಂತಿತ್ತು, ಬಿಟ್ಟೆ. ಹುಡುಗ ನಿದ್ದೆಗೆ ಜಾರಿದ್ದ. ಬೇಲೂರಿಗೆ ಐದರ ಮೇಲೆ ಹೋಗಿದ್ದೇ ಒಳ್ಳೆಯದಾಯಿತು. ಹಿಂದೊಮ್ಮೆ ಮಾರ್ಚಿನ ಮಧ್ಯಾಹ್ನ ಎರಡಕ್ಕೆ ಹೋಗಿ, ಬರಿಗಾಲಲ್ಲಿ ಆ ಹಾಸುಗಲ್ಲಿನ ಮೇಲೆ ಕುಣಿದಿದ್ದೇನೆ, ಶಿಲ್ಪ ನೋಡುವುದಿರಲಿ ನೆರಳು ಹುಡುಕುವುದೇ ಕೆಲಸವಾಗಿತ್ತು. ಈಗ ಕಲ್ಲು ಬೆಚ್ಚಗಿತ್ತು ಅಷ್ಟೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ, ಇಳಿಬಿಸಿಲು ಓರೆಯಾಗಿ ಬಿದ್ದಾಗ ಮದನಿಕೆಯರ ಬಳೆ, ಕೂದಲ ಸುರುಳಿ ಎಲ್ಲ ಎದ್ದು ಕಾಣುತ್ತದೆ. ಅಮ್ಮ ಒಳಗೆ ದೇವರ ಮುಂದೆ ಸೆರಗು ಬಿಚ್ಚಿ ನೋಡಿದರೆ ಕಾಫಿ ಹೂವು ಬಾಡಿ ಕಪ್ಪಾಗಿತ್ತು.

ಹಳೇಬೀಡಿಗೆ ಈ ಸಲ ಹೋಗಲಿಲ್ಲ. ಹದಿನಾರೇ ಕಿಲೋಮೀಟರ್, ಆದರೆ ಅಲ್ಲಿ ಹತ್ತು ನಿಮಿಷ ಇಣುಕಿ ಬರುವುದಕ್ಕಿಂತ ಹೋಗದಿರುವುದೇ ಮೇಲು ಅನ್ನಿಸಿತು.

ಹಾಸನ ಇನ್ನು ಹತ್ತು ಕಿಲೋಮೀಟರ್ ಇರುವಾಗ ಪಶ್ಚಿಮದ ಕಡೆ ಮಿಂಚು. ಗಾಜಿನ ಮೇಲೆ ಟಪ್ ಟಪ್ ಅಂತ ದಪ್ಪ ಹನಿ. ಹುಡುಗ ಎದ್ದು "ಮಳೆ, ಮಳೆ" ಅಂತ ಖುಷಿಯಿಂದ ಕೂಗಿದ. ನಾನು ಗಾಡಿ ಬದಿಗೆ ಹಾಕಿ ಗೆಳೆಯನಿಗೆ ಫೋನು ಮಾಡಿದೆ. "ಇಲ್ಲಿ ಮೋಡ ಇದೆ, ಹನಿ ಇಲ್ಲ ಸದ್ಯ" ಅಂದ. ರಾತ್ರಿ ಹತ್ತಕ್ಕೆ ಮತ್ತೆ ಕೇಳಿದೆ. ಇನ್ನೂ ಬಿದ್ದಿರಲಿಲ್ಲ.