ಒಂದೇ ಕಡೆ ಸವೆದ ಬೇರಿಂಗ್

ಬೀಳಗಿ ತಾಲ್ಲೂಕಿನ ನಮ್ಮೂರ ದಂಡೆಯಿಂದ ನೋಡಿದರೆ ಕೃಷ್ಣೆಯ ಆಚೆಗೆ ವಿಜಯಪುರ ಜಿಲ್ಲೆ ಕಾಣುತ್ತದೆ. ನಡುವೆ ಆಲಮಟ್ಟಿಯ ಹಿನ್ನೀರು. ಸೇತುವೆ ಹಿಡಿದು ಹೋದರೆ ದೊಡ್ಡ ಸುತ್ತು, ಅದಕ್ಕೇ ಜನ, ಬೈಕು, ಮೇವಿನ ಹೊರೆ ಎಲ್ಲವೂ ಬೋಟಿನಲ್ಲಿ ದಾಟುತ್ತವೆ. ನನ್ನದು ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಇರುವ ಫೈಬರ್ ಬೋಟು. ಒಂದೇ ವರ್ಷದಲ್ಲಿ ಅದರ ಶಾಫ್ಟ್ ಬೇರಿಂಗ್ ಎರಡು ಸಲ ಹೋಯಿತು. ಮೂರನೆಯದನ್ನು ಹಾಕುವಾಗ ಏನು ಮಾಡಿದೆ ಎಂಬುದನ್ನು ಬೋಟು ಇಟ್ಟವರಿಗೆಲ್ಲ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಸ್ಟೀಲ್ ಶಾಫ್ಟು ಬೋಟಿನ ತಳ ದಾಟಿ ನೀರಿಗಿಳಿಯುತ್ತದೆ. ತುದಿಯಲ್ಲಿ ಪ್ರೊಪೆಲರ್, ನಮ್ಮ ಬಾಯಲ್ಲಿ ಫ್ಯಾನು. ಫ್ಯಾನಿನ ಮುಂದೆಯೇ ಆ ಬೇರಿಂಗು ಕೂತಿರುತ್ತದೆ. ಅದರಲ್ಲಿ ಗುಂಡು ಇರುವುದಿಲ್ಲ. ಹಿತ್ತಾಳೆಯ ಕೊಳವೆ, ಒಳಗೆ ರಬ್ಬರ್, ರಬ್ಬರಿನಲ್ಲಿ ಉದ್ದಕ್ಕೂ ಕೊರೆದ ಸಣ್ಣ ಕಾಲುವೆಗಳು. ಆ ಕಾಲುವೆಗಳಲ್ಲಿ ಹರಿಯುವ ನೀರೇ ಅದಕ್ಕೆ ಎಣ್ಣೆ. ನನ್ನ ಶಾಫ್ಟು ಒಂದೂಕಾಲು ಇಂಚಿನದು, ಬೇರಿಂಗ್ ಐದು ಇಂಚು ಉದ್ದ. ಶಾಫ್ಟಿನ ದಪ್ಪದ ನಾಲ್ಕು ಪಟ್ಟು ಉದ್ದ ಇರಬೇಕೆನ್ನುವುದು ಹಳೆಯ ಲೆಕ್ಕ.

ಮೊದಲ ಸಲ ಹೋದಾಗ ಹೊಸ ನೀರಿನ ರಾಡಿಯೇ ಕಾರಣ ಎಂದುಕೊಂಡೆ. ಎರಡನೆಯದನ್ನು ಹಾಕಿಸಿದ ವರ್ಕ್‌ಶಾಪಿನವರು ಗ್ರೀಸ್ ಮೆತ್ತಿ, ಸುತ್ತಿಗೆಯಿಂದ ಬಡಿದು ಕೂಡಿಸಿದರು. ಅದು ಆರು ತಿಂಗಳೂ ಬಾಳಲಿಲ್ಲ. ಪೆಟ್ರೋಲಿಯಂ ಗ್ರೀಸ್ ತಗುಲಿದರೆ ಈ ರಬ್ಬರ್ ಉಬ್ಬುತ್ತದೆ ಎಂದು ನನಗೆ ಆಮೇಲೆ ತಿಳಿಯಿತು.

ಮೇ ತಿಂಗಳಲ್ಲಿ ನೀರು ಇಳಿದಾಗ ಬೋಟನ್ನು ದಂಡೆಗೆ ಎಳೆದೆ. ಫ್ಯಾನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಶಾಫ್ಟು ಎರಡು ಮಿಲಿಮೀಟರಿಗೂ ಹೆಚ್ಚು ಆಡುತ್ತಿತ್ತು. ಫ್ಯಾನು ಬಿಚ್ಚಿದ ಮೇಲೆ ಅದರ ಬೆನ್ನಿಗೆ ಮೀನಿನ ಬಲೆಯ ನೈಲಾನ್ ದಾರ ಸಿಕ್ಕಿತು. ಸುತ್ತಿ ಸುತ್ತಿ ಬಿಸಿಗೆ ಕರಗಿ, ಗಾಜಿನ ಬಳೆಯ ಹಾಗೆ ಗಟ್ಟಿಯಾಗಿತ್ತು. ಬ್ಲೇಡಿನಿಂದ ಚೂರು ಚೂರು ಮಾಡಿ ತೆಗೆದೆ. ಬೇರಿಂಗ್ ಕೆಟ್ಟಿದ್ದು ಇದರಿಂದಲೇ ಎಂದು ಖಾತ್ರಿ ಮಾಡಿಕೊಂಡು, ಹಳೆಯ ಬೇರಿಂಗ್ ಹಿಡಿದು ಬಾಗಲಕೋಟೆಗೆ ಲೇತ್ ಮಷೀನಿನ ಕಾಕಾನ ಹತ್ತಿರ ಹೋದೆ.

ಅವರು ಅದನ್ನು ಬೆಳಕಿಗೆ ಹಿಡಿದು ಸುಮ್ಮನೆ ತಿರುಗಿಸಿದರು. "ತಮ್ಮಾ, ರಬ್ಬರ್ ಹೋಗೈತಿ ಅನ್ನೂದು ಬಿಡು. ಯಾವ ಕಡೆ ಹೋಗೈತಿ ನೋಡು" ಅಂದರು.

ನೋಡಿದೆ. ಒಂದು ಮಗ್ಗುಲಲ್ಲಿ ಕಾಲುವೆಗಳೇ ಅಳಿಸಿ ರಬ್ಬರ್ ನುಣ್ಣಗಾಗಿತ್ತು. ಎದುರು ಮಗ್ಗುಲಲ್ಲಿ ಅಚ್ಚಿನ ಗೆರೆ ಕೂಡ ಮಾಸಿರಲಿಲ್ಲ. ರಾಡಿ ತಿಂದಿದ್ದರೆ ಸುತ್ತಲೂ ತಿನ್ನಬೇಕಿತ್ತು. ಶಾಫ್ಟು ಓರೆಯಾಗಿ ಒತ್ತುತ್ತಿತ್ತು, ಅಂದರೆ ಎಂಜಿನ್ನೇ ಸಾಲಿನಲ್ಲಿ ಇರಲಿಲ್ಲ.

ಬೇರಿಂಗ್ ಬದಲಿಸುವುದು ಅರ್ಧ ದಿನದ ಕೆಲಸ. ಬೇರಿಂಗನ್ನು ಹಿಡಿದಿಡುವ ಸಣ್ಣ ಗ್ರಬ್ ಸ್ಕ್ರೂ ಸಡಿಲಿಸಿ, ಹ್ಯಾಕ್ಸಾ ಬ್ಲೇಡಿನಿಂದ ಹಳೆಯ ಕೊಳವೆಯನ್ನು ಒಳಗಿನಿಂದ ಉದ್ದಕ್ಕೆ ಸೀಳಿದರೆ ಅದು ಮುದುಡಿಕೊಂಡು ಬರುತ್ತದೆ. ಬೇರಿಂಗ್ ಕೂರುವ ಹೊರಗಿನ ಮನೆಗೆ ಬ್ಲೇಡ್ ತಾಗದ ಹಾಗೆ ಕೈ ಹಿಡಿತದಲ್ಲಿರಬೇಕು. ಹೊಸದನ್ನು ರಾತ್ರಿಯೆಲ್ಲ ಬರ್ಫದಲ್ಲಿಟ್ಟು, ಉದ್ದ ಥ್ರೆಡ್ ರಾಡಿಗೆ ಎರಡು ದಪ್ಪ ವಾಷರ್ ಹಾಕಿ, ನಟ್ ಬಿಗಿಯುತ್ತಾ ಮೆಲ್ಲಗೆ ಎಳೆದು ಕೂಡಿಸಿದೆ. ಈ ಸಲ ಸುತ್ತಿಗೆ ಮುಟ್ಟಲಿಲ್ಲ. ಶಾಫ್ಟು ತೂರಿಸುವಾಗ ಸಾಬೂನು ನೀರು, ಅಷ್ಟೇ.

ಮುಖ್ಯವಾದದ್ದು ಇನ್ನು ಮುಂದೆ. ಗೇರ್‌ಬಾಕ್ಸಿಗೂ ಶಾಫ್ಟಿಗೂ ಜೋಡಣೆಯಾದ ಕಪ್ಲಿಂಗನ್ನು ದಂಡೆಯ ಮೇಲೆಯೇ ಅಳೆದೆ. ಎದುರುಬದುರು ಕೂರುವ ನಾಲ್ಕು ಇಂಚಿನ ಎರಡು ಬಿಲ್ಲೆ, ಅವೇ ಫ್ಲ್ಯಾಂಜ್. ಎರಡು ಮುಖಗಳ ನಡುವಿನ ಸಂದು ಎಲ್ಲಿ ಅಳೆದರೂ ಒಂದಕ್ಕೊಂದು 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಇಟ್ಟು ನೋಡಿದರೆ ಎಲ್ಲ ಸರಿ! ಮನಸ್ಸು ಕುಗ್ಗಿತು. ಕಾಕಾನಿಗೆ ಫೋನ್ ಮಾಡಿದೆ. "ನೀರಾಗ ಅಳದಿ ಏನು?" ಎಂದು ಒಂದೇ ಮಾತು ಕೇಳಿದರು.

ದಂಡೆಯಲ್ಲಿ ಬೋಟು ಎರಡು ಕಡೆ ದಿಮ್ಮಿಯ ಮೇಲೆ ಕೂತಿರುತ್ತದೆ, ನೀರಿನಲ್ಲಿ ತಳವೆಲ್ಲಕ್ಕೂ ನೀರು ಆಸರೆ ಕೊಡುತ್ತದೆ. ದಂಡೆಯಲ್ಲಿದ್ದಾಗಿನ ತಳದ ಆಕಾರ ನೀರಿನಲ್ಲಿ ಹಾಗೇ ಇರುವುದಿಲ್ಲ. ಬೋಟು ಇಳಿಸಿ ಒಂದು ದಿನ ಹಾಗೇ ಬಿಟ್ಟೆ. ಮರುದಿನ ಬೆಳಿಗ್ಗೆ ಗಾಳಿ ಏಳುವ ಮುಂಚೆ ಕಪ್ಲಿಂಗಿನ ಬೋಲ್ಟ್ ಬಿಚ್ಚಿದೆ. ಬಿಚ್ಚಿದ ತಕ್ಷಣ ಶಾಫ್ಟು ತನ್ನ ಭಾರಕ್ಕೆ ಜೋತು ಬೀಳುತ್ತದೆ. ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ. ಆಸರೆಯಿಲ್ಲದೆ ಮುಂದೆ ಚಾಚಿದ ಶಾಫ್ಟಿನ ಅರ್ಧ ತೂಕ, ಅದಕ್ಕೆ ಕಪ್ಲಿಂಗಿನ ಪೂರ್ತಿ ತೂಕ ಕೂಡಿಸಿ, ಹತ್ತಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಅಷ್ಟೇ ಭಾರಕ್ಕೆ ಎತ್ತಿ ಹಿಡಿದೆ. ಆಗ ಗೇಜ್ ಹಾಕಿದರೆ ಮೇಲಿಗಿಂತ ಕೆಳಗೆ 0.4 ಮಿಲಿಮೀಟರ್ ಹೆಚ್ಚು ಸಂದು. ಶಾಫ್ಟಿನ ಕಡೆಯ ಫ್ಲ್ಯಾಂಜನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿದೆ. ದೊಡ್ಡ ಸಂದು ಅದರ ಜೊತೆ ತಿರುಗದೆ ಕೆಳಗೇ ಉಳಿಯಿತು. ತಿರುಗಿದ್ದರೆ ಶಾಫ್ಟೋ ಫ್ಲ್ಯಾಂಜೋ ಸೊಟ್ಟಗಾಗಿದೆ ಎಂದರ್ಥ. ಅದು ನೆಟ್ಟಗಿದೆ ಎಂದು ತಿಳಿದಾಗ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲೇ ಕೂತು ಚಹಾ ಕುಡಿದೆ.

ಸಂದು ಕೆಳಗೆ ಹೆಚ್ಚಿದ್ದರೆ ಎಂಜಿನ್ನಿನ ಮೂತಿ ಮೇಲೆದ್ದಿದೆ ಎಂದು ಲೆಕ್ಕ. ನನ್ನ ಎಂಜಿನ್ನಿನ ಮುಂದಿನ ಹಿಂದಿನ ಮೌಂಟುಗಳ, ಅಂದರೆ ಎಂಜಿನ್ ಕೂರುವ ಕಾಲುಗಳ, ನಡುವೆ ಎರಡು ಅಡಿ ಅಂತರ. ಆ ಉದ್ದಕ್ಕೆ ಲೆಕ್ಕ ಹಾಕಿದರೆ ಮುಂಭಾಗ ಎರಡು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು ಇಳಿಯಬೇಕಿತ್ತು. ನನ್ನ ಮೌಂಟಿನ 12 ಎಂಎಂ ನಟ್ ಒಂದು ಸುತ್ತಿಗೆ 1.75 ಮಿಲಿಮೀಟರ್ ಸರಿಯುತ್ತದೆ. ಮುಂದಿನ ಎರಡೂ ನಟ್ಟುಗಳನ್ನು ಒಂದೂಕಾಲು ಸುತ್ತು ಇಳಿಸಿದೆ. ಪ್ರತಿ ಕಾಲು ಸುತ್ತಿಗೂ ಅಳೆದೆ. ಎಂಜಿನ್ ಅಷ್ಟೂ ಇಳಿದಾಗ ಗೇಜಿನ 0.1ರ ಎಲೆ ಯಾವ ಕಡೆಯೂ ನುಸುಳಲಿಲ್ಲ.

ಕೊನೆಗೆ ಗ್ಲ್ಯಾಂಡ್ ಪ್ಯಾಕಿಂಗ್, ಶಾಫ್ಟು ತಳ ದಾಟುವಲ್ಲಿ ನೀರು ಒಳಬಾರದಂತೆ ತುಂಬುವ ಹಗ್ಗ. ಶಾಫ್ಟಿನಷ್ಟೇ ದಪ್ಪದ ಪೈಪಿಗೆ ಆ ಹಗ್ಗ ಸುತ್ತಿ ಓರೆಯಾಗಿ ಕತ್ತರಿಸಿ, ಮೂರು ಬಳೆ ಮಾಡಿದೆ; ಒಂದರ ಸಂದು ಇನ್ನೊಂದರ ಮೇಲೆ ಬಾರದ ಹಾಗೆ ಕೂಡಿಸಿದೆ. ನಟ್ಟನ್ನು ಕೈಯಿಂದಷ್ಟೇ ಬಿಗಿದೆ. ಬೋಟು ಓಡುವಾಗ ನಿಮಿಷಕ್ಕೆ ನಾಲ್ಕಾರು ಹನಿ ಬೀಳಲೇಬೇಕು. ಹನಿ ಕಂಡು ಗಾಬರಿಯಾಗಿ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನಲ್ಲಿ ಗೆರೆ ಬೀಳುತ್ತದೆ. ಅರ್ಧ ತಾಸು ಓಡಿಸಿ ಗ್ಲ್ಯಾಂಡ್ ಮೇಲೆ ಕೈಯಿಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ಸಡಿಲಿಸಿ.

ಅದಾದ ಮೇಲೆ ಎರಡು ಮಳೆಗಾಲ ಕಳೆದವು. ಹೋದ ಮೇನಲ್ಲಿ ಮತ್ತೆ ಎಳೆದು ಫ್ಯಾನು ಅಲ್ಲಾಡಿಸಿ ನೋಡಿದೆ. ಆಟ ಅರ್ಧ ಮಿಲಿಮೀಟರ್ ಕೂಡ ಇರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಕಾಲುವೆಗಳೆಲ್ಲ ಸುತ್ತಲೂ ಒಂದೇ ಆಳದಲ್ಲಿ ಕಂಡವು.