ಚಾರ್ಟ್ ಹಾಳೆಯ ನಾಲ್ಕನೇ ಕಾಲಂ

ಮಕ್ಕಳು ಅರ್ಜಿ ಹಾಕಬಹುದಾದ ಅವಕಾಶಗಳನ್ನೆಲ್ಲ ಬರೆದ ಮೊದಲ ಚಾರ್ಟ್ ಹಾಳೆಯನ್ನು ನಮ್ಮ ಭೌತಶಾಸ್ತ್ರ ವಿಭಾಗದ ಬಾಗಿಲ ಪಕ್ಕ ನಾನು ಅಂಟಿಸಿದ್ದು 2022ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನ ಡಿಸೆಂಬರ್‌ನಲ್ಲಿ ಕೊನೇ ವರ್ಷದ ಹುಡುಗನೊಬ್ಬ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನ ಸುತ್ತೋಲೆ ಹಿಡಿದು ಸ್ಟಾಫ್ ರೂಮಿಗೆ ಬಂದಿದ್ದ. "ಮೇಡಂ, ಇದಕ್ಕೆ ನಾನು ಅರ್ಜಿ ಹಾಕಬಹುದಾ?" ಅಂಕ ಚೆನ್ನಾಗಿದ್ದವು, ಲ್ಯಾಬಿನಲ್ಲಿ ಕೈ ಚುರುಕು, ಖಂಡಿತ ಹಾಕಬಹುದಿತ್ತು. ಆದರೆ ಕೊನೆಯ ದಿನ ಕಳೆದು ಆರು ದಿನವಾಗಿತ್ತು. ಸುತ್ತೋಲೆ ಕಾಲೇಜಿಗೆ ಬಂದು ಐದು ವಾರ ಫೈಲಿನೊಳಗೇ ಕೂತಿತ್ತು. "ಹೋಗ್ಲಿ ಬಿಡಿ ಮೇಡಂ" ಅಂತ ಅವನೇ ನನಗೆ ಸಮಾಧಾನ ಹೇಳಿ ಹೋದ. ಆ ಸಂಜೆ ಬಸ್ಸಿನಲ್ಲಿ ಮನೆ ಸೇರುವವರೆಗೂ ನನ್ನ ತಲೆಯಲ್ಲಿ ಅದೊಂದೇ ಮಾತು.

ನಮ್ಮಲ್ಲಿ ಆನರ್ಸ್ ಶುರುವಾದದ್ದೂ ಅದೇ ವರ್ಷ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿಯನ್ನು 2021-22ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಮೂರು ವರ್ಷ ಮುಗಿಸಿದರೆ ಪದವಿ, ನಾಲ್ಕನೆಯದನ್ನೂ ಓದಿದರೆ ಆನರ್ಸ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಇದ್ದವರು ಸಂಶೋಧನೆ ಸಹಿತ ಆನರ್ಸ್ ತೆಗೆದುಕೊಂಡು ಪ್ರಬಂಧ ಬರೆಯಬಹುದು ಅಂತ ಯುಜಿಸಿ ಚೌಕಟ್ಟು ಹೇಳಿತು. ನಾಲ್ಕು ವರ್ಷದಲ್ಲಿ ಶೇ 75 ಬಂದರೆ ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಹತೆ ಇದೆ, 2024ರಿಂದ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಬರೆಯಬಹುದು. ಕಾಗದದ ಮೇಲೆ ಇಷ್ಟೆಲ್ಲ ಇತ್ತು. ಆದರೆ ಸಂಶೋಧನೆ ಅನ್ನುವುದು ಹೇಗಿರುತ್ತದೆ ಅಂತ ನಮ್ಮ ಮಕ್ಕಳು ಒಂದು ದಿನವೂ ಕಣ್ಣಾರೆ ಕಂಡವರಲ್ಲ. ಮಾಗಡಿ, ಕನಕಪುರ, ಗೌರಿಬಿದನೂರಿನಿಂದ ಬಂದು ಹಾಸ್ಟೆಲ್ಲಿನಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇದ್ದು ಓದುವವರೇ ಜಾಸ್ತಿ. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ಹುಡುಗಿ ಆ ಗೇಟು ತನಗಲ್ಲ ಅಂತಲೇ ಅಂದುಕೊಂಡಿದ್ದಳು.

ಮೊದಲ ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಏನು, ಎಲ್ಲಿ, ಕೊನೆಯ ದಿನ ಯಾವುದು. ಸ್ಕೆಚ್ ಪೆನ್ನಿನಲ್ಲಿ ದುಂಡಗೆ 23 ಸಾಲು ಬರೆದೆ. ಮಕ್ಕಳು ನಿಂತು ಓದಿದರು, ಕೆಲವರು ಫೋಟೊ ತೆಗೆದುಕೊಂಡರು. ಆ ವರ್ಷ ಅರ್ಜಿ ಹಾಕಿದವರು ಇಬ್ಬರು.

ಯಾಕೆ ಹಾಕಲಿಲ್ಲ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಬಂದ ಉತ್ತರಗಳಲ್ಲಿ ಒಂದೂ ವಿಜ್ಞಾನಕ್ಕೆ ಸಂಬಂಧಪಟ್ಟದ್ದಲ್ಲ. ಪಿಯುಸಿ ಅಂಕಪಟ್ಟಿ ಊರಲ್ಲಿತ್ತು. ಶಿಫಾರಸು ಪತ್ರ ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ. ಅಪ್ಪ ಬೇಡ ಅಂದರು. "ನಿಮ್ಮ ಆಸಕ್ತಿಯ ಬಗ್ಗೆ ಬರೆಯಿರಿ" ಅಂತ ಕೇಳಿದ್ದರು, ಏನು ಬರೆಯಬೇಕು ಅಂತ ತೋಚಲಿಲ್ಲ. ಮಾರನೇ ವರ್ಷದ ಹಾಳೆಗೆ ನಾಲ್ಕನೇ ಕಾಲಂ ಸೇರಿಸಿದೆ: "ಈ ವಾರ ಏನು ಮಾಡಬೇಕು". ಮುಂದೆ ನಾನು ಮಾಡಿದ್ದೆಲ್ಲ ಆ ಒಂದು ಕಾಲಂ ತುಂಬುವ ಕೆಲಸ.

ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪನ್ನೇ ತೆಗೆದುಕೊಳ್ಳಿ. ನಮ್ಮ ಸದಾಶಿವನಗರದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯದು ಒಂದು, ಪ್ರಯಾಗರಾಜದ್ದು ಇನ್ನೊಂದು, ಮೂರೂ ಸೇರಿ ನಡೆಸುತ್ತವೆ. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಬೇಸಿಗೆಯ ಕೆಲಸಕ್ಕೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಅಕ್ಟೋಬರ್-ನವೆಂಬರ್ ಹೊತ್ತಿಗೆ. ಮಕ್ಕಳು ಜಾರುವುದೇ ಇಲ್ಲಿ. ಏಪ್ರಿಲ್‌ನಲ್ಲಿ ರಜೆ ಹತ್ತಿರ ಬಂದಾಗ ಹುಡುಕಲು ಹೊರಡುತ್ತಾರೆ, ಅಷ್ಟರಲ್ಲಿ ಆಯ್ಕೆ ಪಟ್ಟಿಯೇ ಬಂದಿರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿದ್ಯಾರ್ಥಿ ಕಾರ್ಯಕ್ರಮ ಎಲ್ಲವೂ ಬೇಸಿಗೆಗೆ ತಿಂಗಳುಗಟ್ಟಲೆ ಮುಂಚೆ ಬಾಗಿಲು ಮುಚ್ಚುವಂಥವು. ಆದ್ದರಿಂದ ನನ್ನ ಹಾಳೆಯಲ್ಲಿ ನಿಜವಾದ ಕೊನೆಯ ದಿನಕ್ಕಿಂತ ಹದಿನೈದು ದಿನ ಹಿಂದಿನ ತಾರೀಕು ಇರುತ್ತದೆ. ಮಕ್ಕಳಿಗೆ ಅದು ಗೊತ್ತು, ಆದರೂ ಅದನ್ನೇ ನಂಬಿ ನಡೆಯುತ್ತಾರೆ.

ಅರ್ಜಿಯ ಜೊತೆ ಇನ್ನೂರು ಪದದ ಆಸುಪಾಸಿನ ಒಂದು ಬರಹ ಕೇಳುತ್ತಾರೆ. ಮೊದಲ ವರ್ಷ ನಾನು ಓದಿದ ಬರಹಗಳೆಲ್ಲ ಒಂದೇ ಥರ: ಚಿಕ್ಕಂದಿನಿಂದ ವಿಜ್ಞಾನ ಇಷ್ಟ, ಕಲಾಂ ಸ್ಫೂರ್ತಿ, ದೇಶಕ್ಕೆ ಸೇವೆ. ಮಕ್ಕಳ ಮನಸ್ಸು ಸುಳ್ಳಲ್ಲ. ಆದರೆ ಒಬ್ಬ ವಿಜ್ಞಾನಿ ಅದನ್ನು ಓದಿ ಈ ಮಗುವಿಗೆ ಯಾವ ಕೆಲಸ ಕೊಡಲಿ ಅಂತ ಹೇಗೆ ತೀರ್ಮಾನಿಸಬೇಕು? ಬರೆಯಲು ಒಂದು ಪ್ರಶ್ನೆ ಬೇಕು. ಪ್ರಶ್ನೆ ಪಠ್ಯಪುಸ್ತಕ ಓದಿದರೆ ಹುಟ್ಟುವುದಿಲ್ಲ, ಕೆಲಸ ಮಾಡುವವರ ಮಾತು ಕೇಳಿದರೆ ಹುಟ್ಟುತ್ತದೆ. ಹಾಗಾಗಿ ಫೆಲೋಶಿಪ್ ಬಿಟ್ಟು ಉಪನ್ಯಾಸಗಳ ಹಿಂದೆ ಬಿದ್ದೆ.

ಈ ವಿಷಯದಲ್ಲಿ ಬೆಂಗಳೂರಿನಂಥ ಊರಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ 1962ರಿಂದ ಇದೆ, ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು, ಎಲ್ಲರ ಬಾಯಲ್ಲಿ ಎಚ್ಚೆನ್, ಕಟ್ಟಿದ್ದು. ಬುಧವಾರ ಸಂಜೆ ಉಪನ್ಯಾಸ, ಜುಲೈನಲ್ಲಿ ವಿಜ್ಞಾನೋತ್ಸವ. ಪ್ರವೇಶಕ್ಕೆ ದುಡ್ಡಿಲ್ಲ, ಯಾರು ನೀನು ಅಂತ ಕೇಳುವವರಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲಿಕ್ಕೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ ಎಚ್ಚೆನ್. ಆ ಕಥೆಯನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ಗೌರಿಬಿದನೂರಿನ ಮಕ್ಕಳ ಮುಖ ಆಗ ನೋಡಬೇಕು.

ಮೊದಲ ಬುಧವಾರ ನನ್ನ ಜೊತೆ ಬಂದವರು ನಾಲ್ಕೇ ಮಂದಿ, ನಾಲ್ವರೂ ಹುಡುಗರು. ಹುಡುಗಿಯರು ಬರತೊಡಗಿದ್ದು 2023ರ ಜೂನ್ ನಂತರ. ಶಕ್ತಿ ಯೋಜನೆ ಬಂದು ಬಸ್ ಚಾರ್ಜಿನ ಲೆಕ್ಕ ಹೋಯಿತು. ಮನೆಯಲ್ಲಿ ಕಾರ್ಯಕ್ರಮಕ್ಕೆ ಹೋಗಬೇಡ ಅನ್ನುವುದು ಒಂದು, ಹೋಗಿಬರಲು ಐವತ್ತು ರೂಪಾಯಿ ಕೇಳಲು ಹಿಂಜರಿಯುವುದು ಇನ್ನೊಂದು. ಎರಡನೆಯದು ನನಗೆ ಅಲ್ಲಿವರೆಗೂ ಕಂಡಿರಲೇ ಇಲ್ಲ. ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿದ ಹನ್ನೊಂದು ಹುಡುಗಿಯರು ಒಂದು ಬುಧವಾರ ಸಭಾಂಗಣದ ಎರಡು ಸಾಲು ತುಂಬಿ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಂಗ್ಲಿಷಿನ ಭಯ ದೊಡ್ಡದಿತ್ತು. ಅದಕ್ಕೆ ಒಂದು ದಾರಿ ಮಾಡಿಕೊಂಡೆವು. ಉಪನ್ಯಾಸ ನಡೆಯುವಾಗ ಅರ್ಥವಾಗದ್ದನ್ನು ಕನ್ನಡದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಮುಗಿದ ಮೇಲೆ ಕಾಲೇಜಿನ ಹೊರಗೆ ನಿಂತು ಕಾಫಿ ಕುಡಿಯುತ್ತಾ ಆ ಪ್ರಶ್ನೆಯನ್ನು ಎಲ್ಲರೂ ಸೇರಿ ಬಿಡಿಸುವುದು. ಐದಾರು ವಾರ ಕಳೆದ ಮೇಲೆ ಒಬ್ಬಳು ಎದ್ದು ನಿಂತು ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಕೇಳಿಯೇಬಿಟ್ಟಳು. ಉಪನ್ಯಾಸಕರು ಕನ್ನಡದಲ್ಲೇ ಉತ್ತರಿಸಿದರು.

ಭಾನುವಾರಗಳಿಗೆ ತಾರಾಲಯ. ಹೆಸರಘಟ್ಟದ ಕಡೆಯ ಐಸಿಟಿಎಸ್ ಅನ್ನುವ ಸೈದ್ಧಾಂತಿಕ ವಿಜ್ಞಾನ ಸಂಸ್ಥೆಯ 'ಕಾಪಿ ವಿತ್ ಕ್ಯೂರಿಯಾಸಿಟಿ' ಮಾತುಗಳು ಅಲ್ಲಿ ನಡೆಯುತ್ತವೆ, ಉಚಿತ. ಪದವಿ ಮಕ್ಕಳಿಗೆ ತಾರಾಲಯದವರೇ ರೀಪ್ ಅಂತ ಭೌತಶಾಸ್ತ್ರದ ವಾರಾಂತ್ಯದ ತರಗತಿ ನಡೆಸುತ್ತಾರೆ. ಗಣಿತ ಗಟ್ಟಿ ಮಾಡಿಕೊಳ್ಳಬೇಕೆನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದೇ ಅದನ್ನು.

ಫೆಬ್ರವರಿ 28 ರಾಮನ್ ಪರಿಣಾಮದ ನೆನಪಿನ ವಿಜ್ಞಾನ ದಿನ. ಎಲ್ಲ ಕಾಲೇಜುಗಳಲ್ಲೂ ಭಾಷಣ, ರಂಗೋಲಿ ಇರುತ್ತದೆ. ನಾವು ಒಂದು ವರ್ಷ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿಗೆ ಹೋದೆವು. 1928ರಲ್ಲಿ ಕಲ್ಕತ್ತಾದಲ್ಲಿ ಕಂಡ ಹೊಸ ಬೆಳಕಿನ ಬಗ್ಗೆ ರಾಮನ್ ಉಪನ್ಯಾಸ ಕೊಟ್ಟದ್ದು ಆ ದಿನ, ಬೆಂಗಳೂರಿನಲ್ಲಿ, ಆ ಕಾಲೇಜಿನಲ್ಲಿ. ಕಲ್ಲಿನ ಕಟ್ಟಡದ ಎದುರು ನಿಂತು ಅದನ್ನು ಹೇಳಿದಾಗ ಮಕ್ಕಳು ಮಾತಾಡಲಿಲ್ಲ. ಇಂಥದ್ದರಿಂದ ಅಂಕ ಬರುವುದಿಲ್ಲ, ಅರ್ಜಿಗೂ ಉಪಯೋಗವಿಲ್ಲ. ಆದರೂ ಆ ಸಾಲು ನನ್ನ ಹಾಳೆಯಲ್ಲಿ ಪ್ರತಿ ವರ್ಷ ಇರುತ್ತದೆ.

ಶಿಫಾರಸು ಪತ್ರದ ಬಗ್ಗೆ ಅಧ್ಯಾಪಕರಿಗೆ ಒಂದು ಮಾತು ಹೇಳಬೇಕು. ನಾನೂ ಮೊದಲು "ಶ್ರಮಜೀವಿ, ಪ್ರಾಮಾಣಿಕ, ಸನ್ನಡತೆಯ ವಿದ್ಯಾರ್ಥಿ" ಅಂತ ಒಂದೇ ಪತ್ರಕ್ಕೆ ಹೆಸರು ಬದಲಿಸಿ ಕೊಡುತ್ತಿದ್ದೆ. ಅದು ಮಗುವಿಗೆ ಮಾಡುವ ಅನ್ಯಾಯ. ಈಗ ಪತ್ರ ಕೇಳಿ ಬಂದವರಿಗೆ ಅರ್ಧ ಪುಟ ಬರೆದು ತಾ ಅನ್ನುತ್ತೇನೆ: ಲ್ಯಾಬಿನಲ್ಲಿ ನಿನಗೆ ಎಡವಟ್ಟಾದ ಒಂದು ಪ್ರಯೋಗ, ಅದನ್ನು ನೀನು ಹೇಗೆ ಸರಿ ಮಾಡಿದೆ. ಮಾಗಡಿ ಕಡೆಯ ಹುಡುಗಿಯೊಬ್ಬಳು ಗ್ರೇಟಿಂಗ್ ಪ್ರಯೋಗದ ಬಗ್ಗೆ, ಅಂದರೆ ಸಣ್ಣ ಗೆರೆಗಳ ಫಲಕದಿಂದ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಪ್ರಯೋಗದ ಬಗ್ಗೆ ಬರೆದು ತಂದಳು. ಸೋಡಿಯಂ ದೀಪದ ಹಳದಿ ಗೆರೆ ಎಡಕ್ಕೆ ಒಂದು ಕೋನ, ಬಲಕ್ಕೆ ಇನ್ನೊಂದು ಕೋನ ತೋರಿಸುತ್ತಿತ್ತು. ಜೊತೆಯವರು ಸರಾಸರಿ ಹಾಕಿ ರೆಕಾರ್ಡ್ ಮುಗಿಸಿದರು. ಇವಳು ಬೆಳಕು ಗ್ರೇಟಿಂಗ್ ಮೇಲೆ ನೇರ ಬೀಳುತ್ತಿಲ್ಲ ಅಂತ ಕಂಡುಹಿಡಿದು, ಟರ್ನ್‌ಟೇಬಲ್ ಮತ್ತೆ ಹೊಂದಿಸಿ, ಎರಡೂ ಕಡೆ ಒಂದೇ ಕೋನ ಬರುವವರೆಗೆ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದಳು. ನಾನು ಪತ್ರದಲ್ಲಿ ಬರೆದದ್ದು ಅಷ್ಟನ್ನೇ, ಗುಣವಾಚಕ ಒಂದೂ ಇಲ್ಲದೆ. ಅವಳಿಗೆ ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಲ್ಯಾಬಿನ ಕೆಲಸ ಸಿಕ್ಕಿತು.

ಆಮೇಲೆ ಅವಳ ಅಪ್ಪನ ಫೋನ್ ಬಂತು. "ಮೇಡಂ, ಎರಡು ತಿಂಗಳು ಹುಡುಗಿ ಎಲ್ಲಿರ್ತಾಳೆ? ಅಲ್ಲಿ ಏನ್ ಮಾಡಿಸ್ತಾರೆ? ದುಡ್ಡು ಕಟ್ಬೇಕಾ?" ರೇಷ್ಮೆ ಬೆಳೆಯುವವರು, ಕೇಳಿದ್ದರಲ್ಲಿ ತಪ್ಪೇನಿಲ್ಲ. ಫೋನಿನಲ್ಲಿ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಪುಣ್ಯಕ್ಕೆ ಮುಂದಿನ ವಾರವೇ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ಇತ್ತು. ವರ್ಷಕ್ಕೊಂದು ದಿನ ಅವರ ಲ್ಯಾಬುಗಳೆಲ್ಲ ಸಾರ್ವಜನಿಕರಿಗೆ ತೆರೆದಿರುತ್ತವೆ. "ಒಂದು ದಿನ ಬನ್ನಿ, ಅಮ್ಮನವರನ್ನೂ ಕರ್ಕೊಂಡು ಬನ್ನಿ" ಅಂದೆ. ಬಂದರು. ದ್ರವ ಸಾರಜನಕದಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾದದ್ದನ್ನು ಅಮ್ಮ ಎರಡು ಸಲ ನಿಂತು ನೋಡಿದರು. ಅಪ್ಪ ನೋಡಿದ್ದು ಬೇರೆ: ಲ್ಯಾಬಿನಲ್ಲಿ ನಿಂತು ವಿವರಿಸುತ್ತಿದ್ದ ಹೆಣ್ಣುಮಕ್ಕಳನ್ನು. ಅವರಲ್ಲೊಬ್ಬಳು ಕನ್ನಡದವಳು, ಹಾಸನದ ಕಡೆಯವಳು. ಅವಳನ್ನು ಊರು, ಮನೆ, ಊಟ, ಹಾಸ್ಟೆಲ್ ಎಲ್ಲ ವಿಚಾರಿಸಿದರು. ವಾಪಸ್ ಬರುವಾಗ ಮರದ ನೆರಳಲ್ಲಿ ನಿಂತು, "ಆಯ್ತು ಮೇಡಂ, ಹೋಗ್ಲಿ" ಅಂದರು. ಅಂದಿನಿಂದ ನನ್ನ ಹಾಳೆಯಲ್ಲಿ ಓಪನ್ ಡೇ ಸಾಲಿನ ನಾಲ್ಕನೇ ಕಾಲಂನಲ್ಲಿ ಬರೆದಿರುವುದು "ಅಪ್ಪ ಅಮ್ಮನಿಗೆ ಈಗಲೇ ಹೇಳಿ".

ಪರೀಕ್ಷೆಯ ತೊಡಕು ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಂಸ್ಥೆಗಳು ಮೇ, ಜೂನ್‌ನಲ್ಲಿ ಬನ್ನಿ ಅನ್ನುತ್ತವೆ, ಸಮ ಸೆಮಿಸ್ಟರ್ ಪರೀಕ್ಷೆ ಎಷ್ಟೋ ಸಲ ಜುಲೈ ದಾಟುತ್ತದೆ. ಆಯ್ಕೆಯಾದ ದಿನವೇ ಮಾರ್ಗದರ್ಶಕರಿಗೆ ಇಮೇಲ್ ಬರೆದು ಪರೀಕ್ಷೆಯ ಸಂಭವನೀಯ ತಾರೀಕು ತಿಳಿಸಿ, ತಡವಾಗಿ ಸೇರಲು ಅಥವಾ ನಡುವೆ ರಜೆ ತೆಗೆದುಕೊಳ್ಳಲು ಕೇಳುವುದು ನಾವು ಕಂಡುಕೊಂಡ ದಾರಿ. ಮೊದಲೇ ಹೇಳಿದಾಗ ಬಹುತೇಕರು ಒಪ್ಪಿದ್ದಾರೆ. ಕೊನೇ ಗಳಿಗೆಯಲ್ಲಿ ಹೇಳಿದ ಒಬ್ಬ ಹುಡುಗನ ಅವಕಾಶ ತಪ್ಪಿತು.

ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆದ ಮಕ್ಕಳಿಗೆ ಈ ಬೇಸಿಗೆ ಕೆಲಸ ಇನ್ನೊಂದು ರೀತಿಯಲ್ಲೂ ಮುಖ್ಯ. ಪಿಯುಸಿಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿಯ ಯೋಜನೆ ಅದು. ಅದರಲ್ಲಿ 20,000 ಬೇಸಿಗೆ ಸಂಶೋಧನೆಗೆಂದೇ ಮೀಸಲು. ಸಂಶೋಧನೆ ಮಾಡಿ ವರದಿ ಕೊಡದೆ ಆ ಹಣ ಬಿಟ್ಟ ಮಕ್ಕಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಆನರ್ಸ್ ಅಂದರೆ ವಿಜ್ಞಾನ ಮಾತ್ರ ಅಲ್ಲ ಅಂತ ಇತಿಹಾಸ ವಿಭಾಗದ ಸಹೋದ್ಯೋಗಿ ನನ್ನ ಹಾಳೆಯ ಮುಂದೆ ನಿಂತು ಹೇಳಿದರು. ಅವರು ಹೇಳಿದ್ದು ಸರಿ. ಪಕ್ಕದಲ್ಲೇ ಅವರ ಹಾಳೆಯೂ ಬಂತು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನಶಾಸ್ತ್ರದ ಡಿಪ್ಲೊಮಾ ಇದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ, ಬೆಂಗಳೂರು ಎಂಬ ಹೆಸರಿರುವ ಒಂಬತ್ತನೇ ಶತಮಾನದ ವೀರಗಲ್ಲಿನ ಮುಂದೆ ಕೂತು ಅವರ ಮಕ್ಕಳು ಹಳಗನ್ನಡ ಅಕ್ಷರ ಬಿಡಿಸುತ್ತಿದ್ದ ಫೋಟೊ ಆ ಹಾಳೆಯ ಮೇಲಿದೆ.

2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆಗಲೇ ಸೇರಿದ್ದವರು ಬೇಕಾದರೆ ನಾಲ್ಕನೇ ವರ್ಷ ಓದಬಹುದು ಅಂದರು. ನಮ್ಮಲ್ಲಿ ಮೊದಲ ಬ್ಯಾಚಿನ ಏಳು ಮಂದಿ ಉಳಿದರು, ಮಾಗಡಿಯ ಹುಡುಗಿಯೂ ಅವರಲ್ಲಿ ಒಬ್ಬಳು. ನೀತಿಯ ಬಗ್ಗೆ ಎರಡು ಕಡೆಯ ವಾದವೂ ನನಗೆ ಅರ್ಥವಾಗುತ್ತದೆ. ಒಂದು ವರ್ಷ ಹೆಚ್ಚು ಓದುವುದು ಬಡಮನೆಗೆ ಹಗುರವಲ್ಲ. ಆದರೆ ಆ ಏಳು ಮಂದಿ ತಮ್ಮದೇ ಪ್ರಬಂಧ ಬರೆದು ಎದ್ದು ನಿಂತು ಮಂಡಿಸಿದ್ದನ್ನು ಕಂಡವಳು ನಾನು. ಮೂರು ವರ್ಷದವರಿಗೂ ಆ ಅನುಭವ ಒಂದಿಷ್ಟಾದರೂ ಸಿಗಬೇಕು ಅಂತ ಹಾಳೆ ಅಂಟಿಸುವುದನ್ನು ನಿಲ್ಲಿಸಿಲ್ಲ.

ಹೋದ ವಾರ ಹೊಸ ಹಾಳೆ ತಂದು ಕಾಲಂ ಎಳೆಯುತ್ತಿದ್ದೆ. ಎರಡನೇ ವರ್ಷದ ಹುಡುಗಿಯೊಬ್ಬಳು ಹಿಂದೆ ನಿಂತು ನೋಡುತ್ತಿದ್ದವಳು ಸ್ಕೆಚ್ ಪೆನ್ ಕೇಳಿ ತೆಗೆದುಕೊಂಡಳು. ಅಕ್ಟೋಬರ್ ಸಾಲಿನ ನಾಲ್ಕನೇ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: "ಮಾರ್ಕ್ಸ್ ಕಾರ್ಡ್ ಊರಲ್ಲಿದ್ದರೆ ದಸರಾ ರಜೆಗೆ ಹೋದಾಗ ಮರೆಯದೆ ತನ್ನಿ."